ಝುಮ್ಕೂ ಏಳಲಿಲ್ಲ

ಬ್ಯಾಡಗಿಯಲ್ಲಿ ದಿಲನಾಜ ಎಂದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ‘ಅಪ್ಪ ಸತ್ತಾಗ ನಕ್ಕಾಕಿ’ ಎನ್ನಿ, ಮಾರ್ಕೆಟ್ ಯಾರ್ಡಿನ ಗೇಟಿನಿಂದ ಹಿಡಿದು ರೈಲ್ವೆ ಸ್ಟೇಷನ್ನಿನ ಚಹಾದಂಗಡಿಯವರೆಗೆ ಯಾರಾದರೂ ಕೈ ಮಾಡಿ ಮನೆ ತೋರಿಸುತ್ತಾರೆ. ಇಪ್ಪತ್ತೈದು ವರ್ಷವಾಯಿತು, ಊರು ಆ ಹೆಸರನ್ನು ಕೆಳಗಿಟ್ಟಿಲ್ಲ. ಈ ಊರಿಗೆ ಬೇರೆ ಕೆಲಸ ಇಲ್ಲವೇ ಎಂದು ನೀವು ಕೇಳಬಹುದು. ಬೇಕಾದಷ್ಟಿದೆ. ಸುಗ್ಗಿಯಲ್ಲಿ ಮೆಣಸಿನಕಾಯಿ ಚೀಲ ಬಂದು ಬೀಳತೊಡಗಿದರೆ ಇಲ್ಲಿ ನೆಮ್ಮದಿಯಾಗಿ ಸೀನುವುದಕ್ಕೂ ಪುರುಸೊತ್ತಿರುವುದಿಲ್ಲ. ಆದರೆ ಒಬ್ಬ ಹೆಣ್ಣುಮಗಳ ಬೆನ್ನಿಗೆ ಅಂಟಿಸಿದ ಮಾತನ್ನು ಕಿತ್ತು ತೆಗೆಯುವ ಪುರುಸೊತ್ತು ಮಾತ್ರ ಯಾರಿಗೂ ಸಿಗಲಿಲ್ಲ.

ಅವಳಿಗೀಗ ಮೂವತ್ನಾಲ್ಕು. ತಾಯಿ ಜೈತೂನಬಿಯ ಜೊತೆ ಯಾರ್ಡಿನ ಹಿಂದಿನ ಶೆಡ್ಡಿನಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾಳೆ. ಮಾತು ಕಡಿಮೆ, ಸಿಟ್ಟು ಜಾಸ್ತಿ. ಮದುವೆ ಆಗಿತ್ತು, ಹಾನಗಲ್ಲಿಗೆ ಕೊಟ್ಟಿದ್ದರು. ಎರಡನೆಯ ವರ್ಷ ಯಾವುದೋ ಜಗಳದಲ್ಲಿ ಗಂಡ, “ಅಪ್ಪ ಸತ್ರ ನಕ್ಕಾಕಿ ನೀ, ನಾ ಸತ್ರ ಕುಣೀತಿ” ಎಂದ. ದಿಲನಾಜ ಚೀಲ ತುಂಬಿಕೊಂಡು ಹೊಸ್ತಿಲು ದಾಟಿ ನಿಂತು, “ಸತ್ತಾಗ ಹೇಳಿ ಕಳಸು, ಕುಣಿಯಾಕ ಬರ್ತೇನಿ” ಎಂದು ಹೇಳಿ ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದಳು. ಆತ ಇನ್ನೂ ಹೇಳಿ ಕಳಿಸಿಲ್ಲ.

ಆ ನಗುವಿನ ಕಥೆಯನ್ನು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಆಟ ಆಡಿಸುವುದು ನನಗೂ ಸೇರುವುದಿಲ್ಲ.

ಅವಳು ಚಿಕ್ಕವಳಿದ್ದಾಗ ಟಿವಿಯಲ್ಲಿ ಒಂದು ಕಾರ್ಟೂನು ಬರುತ್ತಿತ್ತು, ಝುಮ್ಕೂ ಎಂಬ ಕತ್ತೆಯದು. ಝುಮ್ಕೂ ಬೆನ್ನ ಮೇಲೆ ದೊಡ್ಡ ದೊಡ್ಡ ಹೊರೆ ಹೊತ್ತು ಹಾಡುತ್ತ ಹೋಗುವುದು, ದಾರಿಯಲ್ಲಿ ಹೊರೆ ಅದರ ಮೇಲೆಯೇ ಕುಸಿಯುವುದು, ಕತ್ತೆ ಹಪ್ಪಳದ ಹಾಗೆ ಚಪ್ಪಟೆಯಾಗಿ ನೆಲಕ್ಕೆ ಅಂಟಿಕೊಳ್ಳುವುದು. ಆಮೇಲೆ ಒಂದು ದನಿ ಹಿಂದಿಯಲ್ಲಿ ಒಂದು, ಎರಡು, ಮೂರು ಎಂದು ಎಣಿಸುವುದು. ಮೂರಕ್ಕೆ ‘ಪುಸ್ಸ್’ ಎಂದು ಗಾಳಿ ತುಂಬಿದಂತೆ ಝುಮ್ಕೂ ಉಬ್ಬಿ ಎದ್ದು ಹಲ್ಲು ಕಿಸಿಯುವುದು. ಪ್ರತಿದಿನ ಇಷ್ಟೇ. ಪಕ್ಕದ ಮನೆಯ ಟಿವಿಯ ಮುಂದೆ ಓಣಿಯ ಹುಡುಗರೆಲ್ಲ ಕೂತು ಮೂರಕ್ಕೆ ಬಿದ್ದು ಬಿದ್ದು ನಗುವರು. ದಿಲನಾಜಳ ಅಪ್ಪ ಫಕ್ಕೀರಸಾಬ ಹಮಾಲ. ದಿನವಿಡೀ ಚೀಲ ಹೊತ್ತು ಮನೆಗೆ ಬಂದವನು ಮಗಳಿಗಾಗಿ ಚಾಪೆಯ ಮೇಲೆ ದಬ್ಬಾಕಿ ಬಿದ್ದು ಝುಮ್ಕೂ ಆಗುವನು. ಅವಳು ಎಣಿಸುವಳು. ಅವನು ‘ಪುಸ್ಸ್’ ಎಂದು ಏಳುವನು. ಒಂಬತ್ತು ವರ್ಷದ ಹುಡುಗಿಗೆ ಅಪ್ಪ ಬೇರೆ, ಕತ್ತೆ ಬೇರೆ ಅಂತ ಅನಿಸಿರಲಿಲ್ಲ.

ಒಂದು ದಿನ ಮಧ್ಯಾಹ್ನ ಅವಳು ಬುತ್ತಿ ತಗೊಂಡು ಗೋದಾಮಿಗೆ ಹೋದಳು. ಬಾಗಿಲಲ್ಲಿ ನಿಂತವಳನ್ನು ಕಂಡು ಫಕ್ಕೀರಸಾಬ ಕೈ ಎತ್ತಿದ. ಅವನ ಹಿಂದೆ ಸೂರಿನ ತನಕ ಒಟ್ಟಿದ್ದ ಚೀಲಗಳ ಥಪ್ಪಿ ವಾಲಿತು, ಬಿತ್ತು. ಕೆಂಪು ಧೂಳೆದ್ದು ಯಾರಿಗೆ ಯಾರೂ ಕಾಣದಂತಾಯಿತು. ಹಮಾಲರು ಕೆಮ್ಮುತ್ತ ಕೂಗುತ್ತ ಓಡಿ ಬಂದಾಗ ಹುಡುಗಿ ಬುತ್ತಿ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದಳು, ಮತ್ತು ನಗುತ್ತಿದ್ದಳು. ಅದನ್ನು ಹತ್ತು ಮಂದಿ ನೋಡಿದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಅವಳು ಯಾಕೆ ನಕ್ಕಳು ಎಂದು ಮಾತ್ರ ಯಾರೂ ಕೇಳಲಿಲ್ಲ. ತಾಯಿ ಸಹ ಕೇಳಲಿಲ್ಲ. ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ಒಂದು ಮನೆಯಲ್ಲಿ ಇಬ್ಬರು ಹೆಂಗಸರು ಇಪ್ಪತ್ತೈದು ವರ್ಷ ಒಂದೇ ಮಾತನ್ನು ಸುತ್ತು ಹಾಕಿಕೊಂಡು ಓಡಾಡಿದರು ಎಂದರೆ ಅದೆಂಥ ಸಂಸಾರ ಇರಬೇಕು, ನೀವೇ ಯೋಚಿಸಿ.

ಚಿತ್ರ ಬರೆಯುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಯಾರ್ಡಿನಲ್ಲಿ ಮೆಣಸಿನಕಾಯಿಯ ರಾಶಿಗೊಂದು ಚೀಟಿ ಇಡುತ್ತಾರೆ. ವ್ಯಾಪಾರ ಮುಗಿದ ಮೇಲೆ ಆ ಚೀಟಿಗಳು ಕಾಲಡಿಗೆ ಬಿದ್ದಿರುತ್ತವೆ. ಅವುಗಳ ಹಿಂಬದಿ ಖಾಲಿ. ಊಟದ ಹೊತ್ತಿಗೆ ಉಳಿದ ಹೆಂಗಸರು ಕಾಲು ಚಾಚಿ ಅಡ್ಡಾದರೆ ದಿಲನಾಜ ಕಪ್ಪು ಬಾಲ್‌ಪೆನ್ನು ತೆಗೆದು ಚೀಟಿಯ ಹಿಂದೆ ಝುಮ್ಕೂನ ಬರೆಯುವಳು. ಇದು ಟಿವಿಯ ಝುಮ್ಕೂ ಅಲ್ಲ. ಇದಕ್ಕೆ ವಯಸ್ಸಾಗಿದೆ. ಮೊಣಕಾಲು ಊದಿದೆ. ಹೆಗಲ ಮೇಲೆ ಫಕ್ಕೀರಸಾಬನ ಪಟ್ಟೆ ಟವೆಲ್ಲು, ಸೊಂಟದಲ್ಲಿ ಚೀಲ ಎಳೆಯುವ ಕೊಕ್ಕೆ. ಬ್ಯಾಡಗಿಯ ಗೋದಾಮಿನಲ್ಲಿ ಹಮಾಲಿ ಮಾಡುತ್ತದೆ, ಕೆಮ್ಮುತ್ತದೆ, ಹಾಡುವುದನ್ನು ಬಿಟ್ಟಿದೆ. ನೋಡುವ ಮಕ್ಕಳು ನಗಲಿ ಎಂದು ದಿನಾ ಬೀಳುತ್ತದೆ, ದಿನಾ ಮೂರಕ್ಕೆ ಏಳುತ್ತದೆ, ಏಳುವಾಗ ಪ್ರತಿ ಸಲ ಒಂದು ಎಲುಬು ಒಳಗೇ ಮುರಿದಿರುತ್ತದೆ. ಕೊನೆಯ ಹಾಳೆಯಲ್ಲಿ ಬೀಳುತ್ತದೆ, ಏಳುವುದಿಲ್ಲ. ಹಾಳೆಯ ತುಂಬ ಬರೀ ಚೀಲಗಳು. ಕತ್ತೆ ಕಾಣುವುದೇ ಇಲ್ಲ.

ಈ ಚಿತ್ರಗಳಿಗೆ ಒಂದೇ ಬಣ್ಣ, ಕೆಂಪು. ಅದಕ್ಕೆ ಅಂಗಡಿಗೆ ಹೋಗಲಿಲ್ಲ. ಬ್ಯಾಡಗಿ ಕಾಯಿಯ ಸಿಪ್ಪೆ ಕುಟ್ಟಿ ಬೆಚ್ಚಗಿನ ಶೇಂಗಾ ಎಣ್ಣೆಯಲ್ಲಿ ನೆನೆಹಾಕಿ ಅರಿವೆಯಲ್ಲಿ ಹಿಂಡಿದರೆ ಎಂಥ ಕೆಂಪು ಬಿಡುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಮ್ಮ ಕಾಯಿ ಬಣ್ಣಕ್ಕೆ ಜೋರು, ಖಾರಕ್ಕೆ ಸೌಮ್ಯ. ಸಿಪ್ಪೆ ತಂದುಕೊಡುವ ಕೆಲಸ ಪಕ್ಕದಲ್ಲಿ ಕೂರುವ ಕರೆವ್ವನದು. ಆದರೆ ಈಗ ಯಾರ್ಡಿಗೆ ಗುಂಟೂರು ಕಾಯಿಯೂ ಬಂದು ಬೀಳುತ್ತದೆ, ಅದರ ಖಾರ ಭೂತದ್ದು. ಒಂದು ದಿನ ಗಡಿಬಿಡಿಯಲ್ಲಿ ಕರೆವ್ವ ಆ ರಾಶಿಯಿಂದಲೇ ಸಿಪ್ಪೆ ತಂದು ಕೊಟ್ಟಳು. ದಿಲನಾಜಳ ಬೆರಳು ಇಪ್ಪತ್ತು ವರ್ಷದ ಮೆಣಸಿನಕಾಯಿ ತಿಂದು ದಡ್ಡುಗಟ್ಟಿವೆ, ಅವಳಿಗೆ ಏನೂ ಗೊತ್ತಾಗಲಿಲ್ಲ. ಗೊತ್ತಾದದ್ದು ರಾಣೆಬೆನ್ನೂರಿನ ಹಾಲೇಶಪ್ಪನಿಗೆ.

ಹಾಲೇಶಪ್ಪನದು ಪ್ರಿಂಟಿಂಗ್ ಪ್ರೆಸ್ಸು. ಮದುವೆ ಕಾರ್ಡು, ಬೀಜದ ಪಾಕೀಟಿನ ಲೇಬಲ್ಲು ಅವನ ಅನ್ನ. ಯಾರ್ಡಿನ ಚೀಟಿಗಳನ್ನೂ ಅವನೇ ಮುದ್ರಿಸುತ್ತಾನೆ, ಚೀಟಿಯ ಕೆಳಗೆ ಸಣ್ಣಕ್ಷರದಲ್ಲಿ ಪ್ರೆಸ್ಸಿನ ವಿಳಾಸ ಇರುತ್ತದೆ. ದಿಲನಾಜ ಬರೆದದ್ದನ್ನೆಲ್ಲ ಸೂಜಿ ದಾರದಿಂದ ಹೊಲಿದು ಪುಸ್ತಕ ಮಾಡಿ, ಆ ವಿಳಾಸ ಹಿಡಿದು ಬಸ್ಸು ಹತ್ತಿ ಹೋದಳು.

“ನಿಮ್ಮ ಚೀಟಿ ನಿಮಗ ವಾಪಸ್ ತಂದೇನ್ರಿ ಅಣ್ಣಾರ. ಹಿಂಬದಿ ನೋಡ್ರಿ,” ಎಂದಳು.

ಹಾಲೇಶಪ್ಪನಿಗೆ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಹಾಳೆ ತಿರುಗಿಸುವ ರೂಢಿ. ತಿರುಗಿಸಿದ. ನಾಲಿಗೆಗೆ ತಾಗಿಸಿದ. ಮತ್ತೆ ತಿರುಗಿಸಿದ. ನಾಲ್ಕನೆಯ ಹಾಳೆಗೆ ಅವನ ಮುಖ ಟೊಮೆಟೋ ಲೇಬಲ್ಲಿನ ಬಣ್ಣಕ್ಕೆ ಬಂತು. “ಅಯ್ಯಯ್ಯಪ್ಪಾ! ಏನ ಹಚ್ಚೀದಿ ತಂಗಿ ಇದಕ್ಕ?” ಎಂದು ಅದೇ ಕೈಯಿಂದ ಕಣ್ಣು ಒರೆಸಿಕೊಂಡ. ಅಲ್ಲಿಗೆ ಮುಗಿಯಿತು. ಪ್ರೆಸ್ಸಿನಲ್ಲಿ ಕುಣಿದಾಡಿದ, ನೀರು ಎರಚಿಕೊಂಡ, ಸಿಪ್ಪೆ ತಂದವಳು ಯಾರೆಂದು ಕೇಳಿ ತಿಳಿದು ಕರೆವ್ವನ ಕಂಡಿರದಿದ್ದರೂ ಅವಳಿಗೆ ಬಾಯಿಗೆ ಬಂದದ್ದೆಲ್ಲ ಅಂದ. ಮುಖ ತೊಳೆದು ಬಂದು, ಸ್ಕೇಲಿನ ತುದಿಯಿಂದ ಹಾಳೆ ತಿರುಗಿಸುತ್ತ ಕೊನೆಯ ತನಕ ನೋಡಿದ. ಕೊನೆಯ ಹಾಳೆಯಲ್ಲಿ ಕೆಂಪು ಇಲ್ಲ, ಬರೀ ಕಪ್ಪು. ಅಲ್ಲಿಯೂ ಅವನ ಕಣ್ಣಲ್ಲಿ ನೀರಿತ್ತು. ಖಾರ ಎಷ್ಟೋ ಕಥೆ ಎಷ್ಟೋ, ಅವನೇ ಹೇಳಬೇಕು.

“ಅಚ್ಚು ಹಾಕ್ತೇನಿ. ಹಾವೇರ್ಯಾಗ ಮಕ್ಕಳ ಪುಸ್ತಕ ಸಮಿತಿ ಅಂತ ಒಂದೈತಿ. ಮಹೇಶ್ವರಿ ಅಕ್ಕೋರು ಅದನ್ನ ನಡಸ್ತಾರ. ಅವರು ಹೂಂ ಅಂದ್ರ ಜಿಲ್ಲಾದ ಎಲ್ಲಾ ಸಾಲ್ಯಾಗೂ ನಿನ್ನ ಪುಸ್ತಕ ಇರತೈತಿ,” ಎಂದ.

ಎಲ್ಲಾ ಶಾಲೆಯಲ್ಲೂ ಎಂದರೆ ಬ್ಯಾಡಗಿಯ ಶಾಲೆಗಳಲ್ಲೂ. ತನ್ನನ್ನು ಆ ಹೆಸರಿನಿಂದ ಕರೆದವರ ಮಕ್ಕಳು ಮೊಮ್ಮಕ್ಕಳು ಝುಮ್ಕೂನ ಓದುತ್ತಾರೆ. ಆ ದಿನ ವಾಪಸು ಬರುವ ಬಸ್ಸಿನಲ್ಲಿ ದಿಲನಾಜ ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ಇಷ್ಟು ಆಸೆ ಅವಳು ಯಾವುದರ ಮೇಲೂ ಇಟ್ಟವಳಲ್ಲ, ಗಂಡನ ಮೇಲಂತೂ ಅಲ್ಲವೇ ಅಲ್ಲ.

ಮಹೇಶ್ವರಿ ಅಕ್ಕೋರು ನಿವೃತ್ತ ಹೆಡ್‌ಮಾಸ್ತರು. ಕೆಟ್ಟವರಲ್ಲ, ಅದನ್ನು ಹೇಳಲೇಬೇಕು. ಹಾವೇರಿಯ ಅವರ ಮನೆಯಲ್ಲಿ ದಿಲನಾಜಳನ್ನು ಕೂರಿಸಿ ಚಹಾ ಕೊಟ್ಟು ಪುಸ್ತಕವನ್ನು ಎರಡು ಸಲ ಓದಿದರು. ಹಾಲೇಶಪ್ಪ ಮೊದಲೇ ಎಚ್ಚರಿಕೆ ಕೊಟ್ಟಿದ್ದರಿಂದ ಅವರ ಕಣ್ಣಿಗೆ ಏನೂ ಆಗಲಿಲ್ಲ.

“ಭಾಳ ಛಂದ ಬರದೀಯವಾ. ಆದ್ರ ಕಡೀ ಹಾಳಿ ಬ್ಯಾಡ,” ಎಂದರು.

“ಯಾಕ ಬ್ಯಾಡ್ರಿ?”

“ಮೂವತ್ತೈದು ವರ್ಷ ಸಣ್ಣ ಹುಡುಗರಿಗೆ ಕಲಿಸೇನಿ ನಾ. ಅವಕ್ಕ ಒಂದು ಭರೋಸ ಬೇಕಾಗತೈತಿ. ಝುಮ್ಕೂ ಬೀಳಲಿ, ನೋವಾಗಲಿ, ಅಳಲಿ. ಕಡೀಕ ಎದ್ದು ನಿಂದ್ರಬೇಕು. ಒಂದ ಹಾಳಿ ಬದಲಿ ಮಾಡು, ನಾನ ಮುಂದ ನಿಂತು ಎಲ್ಲಾ ಸಾಲಿಗೂ ಕಳಸ್ತೇನಿ.”

ದಿಲನಾಜ ಚಹಾದ ಕಪ್ಪನ್ನು ಕೆಳಗಿಟ್ಟಳು. “ಅಕ್ಕೋರ, ಮೂರಕ್ಕ ಏಳತೈತಿ ಅಂತ ಟಿವಿಯವರು ದಿನಾ ನನಗ ಭರೋಸ ಕೊಟ್ರು. ಒಂಬತ್ತು ವರ್ಷದಾಕಿ ಇದ್ದಾಗ ನಮ್ಮಪ್ಪನ ಮ್ಯಾಲ ಚೀಲಾ ಬಿದ್ರ ಅದನ್ನ ನಂಬಿ ನಾ ಎಣಸ್ತಾ ನಿಂತೆ. ಅದು ಸುಳ್ಳು ಅಂತ ಒಬ್ಬರರೆ ನನಗ ಮೊದಲ ಹೇಳಿದ್ರ ನಾ ನಿಂದ್ರತಿರಲಿಲ್ರಿ. ಬುತ್ತಿ ಒಗದು ಹೋಗಿ ಚೀಲಾ ಎಳೀತಿದ್ದೆ.”

ಅಕ್ಕೋರು ಕೊನೆಯ ಹಾಳೆಯನ್ನು ಮತ್ತೊಮ್ಮೆ ತೆಗೆದು ನೋಡಿದರು. “ಒಂಬತ್ತು ವರ್ಷದ ಹುಡುಗಿ ಎಳದ್ರ ಚೀಲಾ ಸರೀತಿದ್ವು ಏನವಾ?” ಎಂದು ಮೆಲ್ಲಗೆ ಕೇಳಿದರು.

“ಸರೀತಿರಲಿಲ್ಲರೀ. ಆದ್ರ ನಾ ನಗ್ತಿರಲಿಲ್ಲ.”

ಬರುವ ರವಿವಾರ ಹಾವೇರಿಯಲ್ಲಿ ಮಕ್ಕಳನ್ನು ಸೇರಿಸುತ್ತೇನೆ, ನೀನೇ ಓದಿ ತೋರಿಸು, ಅಷ್ಟರಲ್ಲಿ ಯೋಚನೆ ಮಾಡು ಎಂದು ಅಕ್ಕೋರು ಕಳಿಸಿಕೊಟ್ಟರು. ಆ ವಾರ ಪೂರ್ತಿ ಹಾಲೇಶಪ್ಪ ಫೋನು ಮಾಡಿ ಮಾಡಿ ಕಿವಿ ತಿಂದ. ಒಂದೇ ಹಾಳೆ ತಂಗಿ, ಮೂವತ್ತೊಂಬತ್ತು ಹಾಳೆ ನಿನ್ನವು, ಒಂದು ಅವರದಾಗಲಿ ಎಂದ. ಕರೆವ್ವನೂ ತೊಟ್ಟು ಮುರಿಯುತ್ತ, “ಎಬ್ಬಿಸಿ ನಿಂದ್ರಸ ಯವ್ವಾ ಆ ಕತ್ತೀನ, ನಿನ್ನ ಗಂಟೇನ ಹೋಗತೈತಿ?” ಎಂದಳು. ದಿಲನಾಜ ಇಬ್ಬರಿಗೂ ಒಂದೇ ಉತ್ತರ ಕೊಟ್ಟಳು, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ತಾಯಿ ಜೈತೂನಬಿ ಮಾತ್ರ ಬೇಕೆಂದೂ ಬೇಡವೆಂದೂ ಅನ್ನಲಿಲ್ಲ. ಪುಸ್ತಕವನ್ನು ಅವಳು ತೆರೆದು ಸಹ ನೋಡಿರಲಿಲ್ಲ. ಮನೆಯಲ್ಲಿ ಅವರಿಬ್ಬರ ಮಾತು ಉರ್ದು, ಸಿಟ್ಟು ಬಂದರೆ ಮಾತ್ರ ಕನ್ನಡ. ರವಿವಾರ ಬೆಳಿಗ್ಗೆ ಅವಳು ಬುರ್ಖಾ ತೊಟ್ಟು ಬಾಗಿಲಲ್ಲಿ ನಿಂತು, “ನಡಿ, ನಾನೂ ಬರ್ತೇನಿ” ಎಂದು ಕನ್ನಡದಲ್ಲೇ ಅಂದಳು. ಯಾರ ಮೇಲಿನ ಸಿಟ್ಟೋ ದಿಲನಾಜಳಿಗೆ ತಿಳಿಯಲಿಲ್ಲ.

ಸಮಿತಿಯವರು ಒಂದು ಶಾಲೆಯ ದೊಡ್ಡ ಕೋಣೆಯಲ್ಲಿ ಐವತ್ತು ಮಕ್ಕಳನ್ನು ಕೂರಿಸಿದ್ದರು. ಹಾಲೇಶಪ್ಪ ಮಾದರಿಗೆಂದು ಮುದ್ರಿಸಿದ ಮೊದಲ ಪ್ರತಿಯನ್ನು ಅವಳ ಕೈಗಿಟ್ಟು, ಕಣ್ಣು ತಪ್ಪಿಸಿ ಹಿಂದೆ ಹೋಗಿ ನಿಂತ. ದಿಲನಾಜ ಓದತೊಡಗಿದಳು. ಮೊದಲು ಮಕ್ಕಳು ನಕ್ಕರು. ಝುಮ್ಕೂ ಬಿದ್ದಾಗಲೆಲ್ಲ ಅವೇ ಎಣಿಸಿದವು, ಪುಸ್ಸ್ ಎಂದವು. ಹೋಗುತ್ತ ಹೋಗುತ್ತ ನಗು ಕಡಿಮೆಯಾಯಿತು. ಕತ್ತೆಯ ಒಳಗಿನ ಎಲುಬುಗಳನ್ನು ನೋಡಲು ಮುಂದಿನ ಸಾಲಿನವು ಮೊಣಕಾಲೂರಿ ಹತ್ತಿರ ಸರಿದವು. ಕೊನೆಯ ಹಾಳೆ ತಿರುಗಿಸಿದಳು.

ಅಲ್ಲಿ ಝುಮ್ಕೂ ನಿಂತಿತ್ತು. ಹಲ್ಲು ಕಿಸಿದಿತ್ತು. ಮೊದಲನೆಯ ಹಾಳೆಯ ಕತ್ತೆಯನ್ನೇ ಹಾಲೇಶಪ್ಪ ಕಂಪ್ಯೂಟರಿನಲ್ಲಿ ಕತ್ತರಿಸಿ ತಂದು ಚೀಲಗಳ ಮೇಲೆ ನಿಲ್ಲಿಸಿದ್ದ. ಒಳ್ಳೆಯದಾಗಲಿ ಎಂದೇ ಮಾಡಿದ್ದ, ಪುಣ್ಯಾತ್ಮ. ಒಳ್ಳೆಯದು ಮಾಡುವವರಿಂದ ಆಗುವ ಉಪದ್ರವಕ್ಕೆ ಔಷಧ ಎಲ್ಲಿಂದ ತರುವುದು?

ದಿಲನಾಜ ಪುಸ್ತಕದಿಂದ ತಲೆ ಎತ್ತಿದಳು. ಎದುರು ಐವತ್ತು ಮಕ್ಕಳು, ಪಕ್ಕದಲ್ಲಿ ಅಕ್ಕೋರು, ಕೊನೆಯ ಬೆಂಚಿನಲ್ಲಿ ತಾಯಿ. ಆ ಚಿತ್ರವನ್ನು ಎತ್ತಿ ತೋರಿಸಿದರೆ ಮುಗಿಯಿತು, ಚಪ್ಪಾಳೆ, ಜಿಲ್ಲೆಯ ಎಲ್ಲಾ ಶಾಲೆ. ಅವಳು ಪುಸ್ತಕ ಮುಚ್ಚಿದಳು. ಹಿಂದೆ ಕರಿಹಲಗೆ ಇತ್ತು. ಚಾಕ್‌ಪೀಸು ತಗೊಂಡಳು.

“ಈ ಹಾಳಿ ನಂದಲ್ಲ. ನಂದು ಬರದು ತೋರಸ್ತೇನಿ,” ಎಂದಳು.

ಒಂದು ಚೀಲ ಬರೆದಳು. ಅದರ ಮೇಲೊಂದು, ಪಕ್ಕಕ್ಕೊಂದು. ಹಲಗೆ ತುಂಬುವವರೆಗೆ ಚೀಲವೇ ಚೀಲ. ಚಾಕಿನ ಪುಡಿ ಮುಖದ ಮೇಲೆ ಬೀಳುತ್ತಿದ್ದರೂ ನಿಲ್ಲಿಸಲಿಲ್ಲ. ಆಮೇಲೆ ತಿರುಗಿ, “ಎಣಸ್ರಿ” ಎಂದಳು.

“ಒಂದು! ಎರಡು! ಮೂರು!” ಎಂದು ಮಕ್ಕಳು ಕೂಗಿದವು. “ಪುಸ್ಸ್!” ಎಂದವು. ಕೆಲವು ನಕ್ಕೂ ಬಿಟ್ಟವು. ಚೀಲಗಳು ಹಾಗೇ ಇದ್ದವು. ನಗು ನಿಂತಿತು. ಯಾರೋ ಒಬ್ಬ ನಾಲ್ಕು ಎಂದ. ಐದು ಎಂದರು ಇಬ್ಬರು. ಆರರ ನಂತರ ಯಾರೂ ಎಣಿಸಲಿಲ್ಲ.

ಮುಂದಿನ ಸಾಲಿನಲ್ಲಿ ಶಾಹೀನ್ ಎಂಬ ಹುಡುಗಿ ಕೂತಿದ್ದಳು, ಎಂಟು ವರ್ಷ ಇದ್ದೀತು. “ಎಣಸಿದ್ರ ಹೆಂಗ ಏಳತೈತ್ರಿ? ಚೀಲಾ ತಗೀಬೇಕಲ್ರೀ!” ಎಂದು ಸಿಟ್ಟಿನಿಂದ ಎದ್ದಳು. ಹಲಗೆಯ ಹತ್ತಿರ ಬಂದು ಅಂಗೈಯಿಂದ ಒಂದು ಚೀಲ ಒರೆಸಿದಳು. ಅವಳ ಹಿಂದೆ ಮತ್ತೊಬ್ಬ ಬಂದ. ಆಮೇಲೆ ಅರ್ಧ ಕೋಣೆಯೇ ಎದ್ದು ಬಂತು. ಮೇಲಿನ ಚೀಲ ನಿಲುಕದವರನ್ನು ಉಳಿದವರು ಎತ್ತಿ ಹಿಡಿದರು. ಅಕ್ಕೋರು ಸುಮ್ಮನೆ ಕೂರಿ ಎಂದು ಕೂಗಿದ್ದನ್ನು ಯಾರೂ ಕೇಳಲಿಲ್ಲ. ಹಲಗೆ ಪೂರ್ತಿ ಒರೆಸಿ ಆದ ಮೇಲೆ ಶಾಹೀನ್ ಬೆಳ್ಳಗಾದ ಕೈ ಹಿಡಿದುಕೊಂಡು ದಿಲನಾಜಳ ಕಡೆ ನೋಡಿದಳು.

“ಇಲ್ಲೇ ಯಾರೂ ಇಲ್ಲಲ್ರೀ.”

“ಇಲ್ಲವಾ. ನಾವು ತಗಿಯೂದರಾಗ ತಡಾ ಆತು,” ಎಂದಳು ದಿಲನಾಜ.

ಒಂದೆರಡು ಮಕ್ಕಳು ಅತ್ತವು. ಅಕ್ಕೋರು ಅಂಜಿದಂತೆಯೇ ಆಯಿತು ಅನ್ನಿ. ಶಾಹೀನ್ ಅಳಲಿಲ್ಲ, ಮುಂದಿನ ಸಲ ಲಗೂ ತೆಗೆಯಬೇಕು ಎಂದು ಪಕ್ಕದವಳಿಗೆ ಹೇಳುತ್ತಿದ್ದಳು. ಅಕ್ಕೋರು ಕನ್ನಡಕ ತೆಗೆದು ಸೆರಗಿಗೆ ಒರೆಸಿದರು. “ಸಮಿತಿ ಇದನ್ನ ಒಪ್ಪಂಗಿಲ್ಲವಾ. ನನಗೂ ಒಪ್ಪಸಾಕ ಆಗಂಗಿಲ್ಲ,” ಎಂದರು.

“ಬ್ಯಾಡ ಬಿಡ್ರಿ ಅಕ್ಕೋರ. ಒಂದ ಸಾಲ್ಯಾಗೂ ಇಡಬ್ಯಾಡ್ರಿ. ಸುಳ್ಳು ಹೇಳಿ ಸಾವಿರ ಪುಸ್ತಕ ಮಾಡೂದಕ್ಕಿಂತ ಇದ್ದದ್ದ ಇದ್ದಂಗ ಹೇಳಿ ಒಂದ ಇಟ್ಕೋತೇನಿ,” ಎಂದಳು ದಿಲನಾಜ.

ಆಗ ಕೊನೆಯ ಬೆಂಚಿನಿಂದ ಜೈತೂನಬಿ ಎದ್ದಳು. ಮಕ್ಕಳ ನಡುವೆ ದಾರಿ ಮಾಡಿಕೊಂಡು ಬಂದು ಮಗಳ ಎದುರು ನಿಂತಳು. ಮುಖದ ಮೇಲಿನ ಪರದೆ ಎತ್ತಿದಳು.

“ನೀ ಅವತ್ತ ನಕ್ಕಿದ್ದು ಖರೇನ?” ಕನ್ನಡದಲ್ಲೇ ಕೇಳಿದಳು, ಎಲ್ಲರಿಗೂ ಕೇಳುವಂತೆ.

“ಖರೆ ಅಮ್ಮಾ. ಮೂರು ಅಂದಾಗ ನಕ್ಕೆ. ಈಗ ಏಳತಾನ ಅಬ್ಬಾ ಅಂತ.”

“ಆಮ್ಯಾಲ?”

“ಏಳಲಿಲ್ಲ. ನಾ ತಪ್ಪು ಎಣಿಸಿರಬೇಕು ಅಂತ ಮತ್ತ ಎಣಸಾಕ ಹತ್ತಿದೆ.”

“ಎಲ್ಲೀತನಕ?”

“ಮುನ್ನೂರಾ ಹನ್ನೆರಡು. ಅಷ್ಟರಾಗ ಅಬ್ಬಾನ ಹೊರಗ ತಗದು ಮುಖದ ಮ್ಯಾಲ ಟವೆಲ್ ಹಾಕಿದ್ರು.”

ಜೈತೂನಬಿ ಮಗಳ ತಲೆಯ ಮೇಲಿದ್ದ ಚಾಕಿನ ಪುಡಿಯನ್ನು ಎರಡೂ ಕೈಯಿಂದ ಝಾಡಿಸಿದಳು, ಇಪ್ಪತ್ತೈದು ವರ್ಷದ್ದನ್ನು ಒಂದೇ ಸಲ ಝಾಡಿಸುವವಳ ಹಾಗೆ ಜೋರಾಗಿ. ಆಮೇಲೆ ಗೋಡೆಗೆ ಆತು ನಿಂತಿದ್ದ ಹಾಲೇಶಪ್ಪನ ಕಡೆ ತಿರುಗಿದಳು.

“ಅಣ್ಣಾರ, ಆ ಹಲ್ಲಕಿಸಕ ಕತ್ತೀನ ತಗದು ಒಗೀರಿ. ಕಡೀ ಹಾಳ್ಯಾಗ ಚೀಲಾನ ಇರಲಿ. ಅದರ ಕೆಳಗ ಬರೀರಿ. ಹುಡುಗಿ ನಕ್ಕಳು ಅಂತನೂ ಹಾಕ್ರಿ, ಮುನ್ನೂರಾ ಹನ್ನೆರಡರ ತನಕ ಎಣಿಸಿದಳು ಅಂತನೂ ಹಾಕ್ರಿ. ದೊಡ್ಡ ಅಕ್ಷರದಾಗ ಹಾಕ್ರಿ. ಬ್ಯಾಡಗಿ ಮಂದಿಗೆ ಓದಾಕ ಬರತೈತಿ.”

ಹಾಲೇಶಪ್ಪ ಜೇಬು ತಡಕಿ ಪೆನ್ನು ತೆಗೆದ.